ತಾಯಿ ಕುದುರೆಯಿಂದ ಬರೆಯಿರಿ, ತಂದೆಯ ಕಲಂ ಖಾಲಿ ಇದ್ದರೂ ಇರಲಿ

ಮಾನ್ಯ ಸಂಪಾದಕರಿಗೆ,

ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಮನೆತನದ ಹೆಸರು ಕೇಳಿ, ಮೂಲಪುರುಷ ಯಾವ ಊರಿಂದ ಬಂದ, ಅವನಿಗೆ ಮಕ್ಕಳೆಷ್ಟು, ಯಾವ ಕವಲು ಎಲ್ಲಿ ನೆಲೆಸಿತು ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಹೋದ ಸಲದಿಂದ ಈಚೆಗೆ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಅದೇ ಊರಿನ ತೊಗರಿ ಹೊಲದಲ್ಲಿ ಕುರಿಗಾರರು ಗೊಬ್ಬರಕ್ಕೆಂದು ಕುರಿ ತರುಬಿರುತ್ತಾರೆ. ಬಲೆ, ಗೂಟ, ಅಡುಗೆ ಪಾತ್ರೆ, ಆಗಷ್ಟೇ ಹುಟ್ಟಿದ ಕುರಿಮರಿ ಇವನ್ನೆಲ್ಲ ಹೊತ್ತು ತಂದ ತಟ್ಟುಗುದುರೆ ಬದುವಿನಲ್ಲಿ ನಿಂತಿರುತ್ತದೆ. ಅದರ ತಾಯಿ ಯಾರು, ತಾಯಿಯ ತಾಯಿ ಯಾವ ಹಿಂಡಿನದು ಎಂದು ಕೇಳಿದರೆ ಹಿಂಡಿನ ಹಿರಿಯರೊಬ್ಬರು ಹೇಳಬಲ್ಲರು, ಮಿಕ್ಕವರಿಗೆ ಗೊತ್ತಿರುವುದಿಲ್ಲ. ಎಲ್ಲಿಯೂ ಬರೆದಿಟ್ಟಿರುವುದಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್ನಿಗೆ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನೂ ಸೇರಿಸಿತು. ಇವುಗಳ ಸಾಕಣೆ ಘಟಕ ಹಾಕುವವರಿಗೆ ಬಂಡವಾಳದ ಅರ್ಧದಷ್ಟು, 50 ಲಕ್ಷ ರೂಪಾಯಿ ಮೀರದಂತೆ ಸಹಾಯಧನ ಸಿಗುತ್ತದೆ. ಇನ್ನೊಂದು ಕಡೆ, ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಭೀಮಥಡಿ ಕುದುರೆಯನ್ನು ದೇಶದ ತಳಿಗಳ ಪಟ್ಟಿಗೆ ಸೇರಿಸಿದೆ. ಭೀಮಥಡಿ ಎಂದರೆ ಭೀಮೆಯ ದಡ. ಪಟ್ಟಿಯಲ್ಲಿ ಅದರ ನೆಲೆ ಮಹಾರಾಷ್ಟ್ರ ಎಂದಿದೆ, ಆದರೆ ಭೀಮೆ ಸೊಲ್ಲಾಪುರಕ್ಕೆ ನಿಲ್ಲುವುದಿಲ್ಲ. ಅಫಜಲಪುರ, ಗಾಣಗಾಪುರ, ಜೇವರ್ಗಿ, ಸನ್ನತಿ ದಾಟಿ ಯಾದಗಿರಿ ಜಿಲ್ಲೆಗೆ ಹರಿದು ಬರುತ್ತದೆ. ಕುರಿಗಾರರ ಹಿಂಡುಗಳೂ ಈ ದಡದಲ್ಲೇ ಮೇಲಕ್ಕೂ ಕೆಳಕ್ಕೂ ನಡೆಯುತ್ತವೆ. ದುಡ್ಡು ಬರುವ ದಾರಿ ಕಂಡಮೇಲೆ ‘ಅಸಲಿ ತಳಿ’ ಎಂಬ ಕಾಗದಗಳು ಹುಟ್ಟಲು ತಡವಾಗುವುದಿಲ್ಲ. ಹಾಗೆಂದು ನಮ್ಮ ತಟ್ಟುಗಳೆಲ್ಲ ಭೀಮಥಡಿಯೇ ಎಂದು ಇವತ್ತೇ ಬರೆದುಕೊಂಡುಬಿಡುವುದೂ ತಪ್ಪು. ತಳಿ ಎಂಬುದು ನೂರಾರು ಕುದುರೆಗಳನ್ನು ಅಳೆದು ನೋಡಿ ಹೇಳುವ ಮಾತು, ವಂಶಾವಳಿ ಒಂದೊಂದು ಕುದುರೆಯದು. ಎರಡನೆಯದನ್ನು ಸರಿಯಾಗಿ ಬರೆದಿಟ್ಟರೆ ಮೊದಲನೆಯದನ್ನು ನಾಳೆ ಯಾರಾದರೂ ತಜ್ಞರು ನಿರ್ಧರಿಸಬಹುದು.

ನಮ್ಮ ಕುದುರೆಗಳಿಗೂ ಒಂದು ವಂಶಾವಳಿ ಪುಸ್ತಕ ಬೇಕು. ಅದನ್ನು ಯಾರೇ ಇಡಲಿ, ಅದು ತಾಯಿಯ ಸಾಲಿನಿಂದ ಶುರುವಾಗಬೇಕು, ಗೊತ್ತಿಲ್ಲದ ತಂದೆಯ ಕಲಂ ಖಾಲಿ ಬಿಡಬೇಕು. ನಾವು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಹೆಣ್ಣುಗುದುರೆ ಮರಿ ಹಾಕುವುದನ್ನು ಹಿಂಡಿನಲ್ಲಿ ನಾಲ್ಕು ಜನ ನೋಡಿರುತ್ತಾರೆ. ಗಂಡು ಯಾವುದು ಎಂಬುದು ಬಹಳ ಸಲ ಊಹೆ. ಎರಡು ಹಿಂಡು ಒಂದೇ ಹಳ್ಳದ ನೀರಿಗೆ ಇಳಿದ ರಾತ್ರಿ ಏನಾಯಿತೆಂದು ನೋಡಿದವರಿರುವುದಿಲ್ಲ. ಬೆದೆ ಐದರಿಂದ ಏಳು ದಿನ ಇರುತ್ತದೆ, ಅಷ್ಟರಲ್ಲಿ ಎರಡು ಗಂಡು ಕೂಡಿದ್ದರೂ ಆಶ್ಚರ್ಯವಿಲ್ಲ. ಮಾರುವಾಗ ಮಾತ್ರ ಸುತ್ತಿನಲ್ಲಿ ಹೆಸರಾದ ಗಂಡುಗುದುರೆಯೇ ತಂದೆಯಾಗಿಬಿಡುತ್ತದೆ. ಹಾಗೆ ಒಮ್ಮೆ ಬರೆದ ಸುಳ್ಳು ಹೆಸರು ಮೂರು ತಲೆ ಆದಮೇಲೆ ಹತ್ತಾರು ಕುದುರೆಗಳ ಪುಟಕ್ಕೆ ಹರಡಿರುತ್ತದೆ, ಕಿತ್ತು ತೆಗೆಯಲು ಆಗುವುದಿಲ್ಲ. ಖಾಲಿ ಕಲಂ ಆದರೆ ಯಾವಾಗ ಬೇಕಾದರೂ ತುಂಬಬಹುದು.

ಅರಬ್ಬಿ ಮರುಭೂಮಿಯ ಬೆದೂಯಿನ್ನರು ಕುದುರೆಯ ಮನೆತನ ಎಣಿಸುತ್ತಿದ್ದದ್ದು ತಾಯಿಯ ಕಡೆಯಿಂದಲೇ. ಇಂಗ್ಲೆಂಡಿನಲ್ಲಿ ಥರೋಬ್ರೆಡ್ ಎಂಬ ಪಂದ್ಯದ ಕುದುರೆಗಳ ವಂಶಾವಳಿ ಪುಸ್ತಕ ಮೊದಲು ಅಚ್ಚಾದದ್ದು 1791ರಲ್ಲಿ. ಅದನ್ನು ಕಟ್ಟಿದ ಜೇಮ್ಸ್ ವೆದರ್ಬಿ ಹಳೆಯ ಪಂದ್ಯದ ಫಲಿತಾಂಶ, ಸಾಕಣೆದಾರರ ಖಾಸಗಿ ಡೈರಿ, ಮಾರಾಟದ ಚೀಟಿ ಎಲ್ಲವನ್ನೂ ಜೋಡಿಸಿದ. ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಗಳಿಗೆ ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಾಲು ಹೋಗಿ ಮುಟ್ಟುವುದು ಆ ಪುಸ್ತಕದಿಂದಲೇ ಗೊತ್ತು. ಅದರಲ್ಲಿ ಎಷ್ಟೋ ಹೆಣ್ಣುಗಳಿಗೆ ಸ್ವಂತ ಹೆಸರಿಲ್ಲ, ‘ಇಂಥ ಗಂಡಿನ ಮಗಳು’ ಎಂದಷ್ಟೇ ಇದೆ. ಈಚೆಗೆ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಹಿಡಿದು ನೋಡಿದಾಗ ಕೆಲವು ತಾಯಿ ಸಾಲುಗಳು ಪುಸ್ತಕಕ್ಕೆ ಹೊಂದಲಿಲ್ಲ. ಇನ್ನೂರು ವರ್ಷದ, ಅಷ್ಟು ಕಟ್ಟುನಿಟ್ಟಿನ ಪುಸ್ತಕದ ಕಥೆ ಇದು. ನಮ್ಮ ನೆಲದ ಕುದುರೆ ವ್ಯಾಪಾರವೇನೂ ಚಿಕ್ಕದಾಗಿರಲಿಲ್ಲ. ಬಹಮನಿ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ಆಳಂದದ ಸಂತೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತವೆಂದು ಬರೆದಿದ್ದಾನೆ. ಲೆಕ್ಕ ಹೆಚ್ಚೋ ಕಡಿಮೆಯೋ, ಅಷ್ಟು ಕುದುರೆಗಳ ರಕ್ತ ಯಾವ ಹಿಂಡಿನಲ್ಲಿ ಉಳಿಯಿತು ಎಂಬುದಕ್ಕೆ ನಮ್ಮಲ್ಲಿ ಒಂದು ಸಾಲಿನ ದಾಖಲೆ ಇಲ್ಲ.

ಇನ್ನು ಕೆಲಸದ ವಿಷಯ. ವಂಶ ಬರೆಯುವ ಮೊದಲು ಮುಂದೆ ನಿಂತ ಕುದುರೆ ಯಾವುದು ಎಂಬುದು ಖಾತ್ರಿಯಾಗಬೇಕು. ಹೆಸರು ಸಾಲದು. ಪ್ರತಿ ಹಿಂಡಿನಲ್ಲೂ ಒಂದು ಲಕ್ಷ್ಮಿ, ಒಂದು ರಾಣಿ, ಒಂದು ರಾಜಾ ಇದ್ದೇ ಇರುತ್ತವೆ. ಪಂದ್ಯದ ಕುದುರೆಯ ಪಾಸ್‌ಪೋರ್ಟಿನಲ್ಲಿ, ಅಂದರೆ ಗುರುತಿನ ಪುಸ್ತಿಕೆಯಲ್ಲಿ, ಕುದುರೆಯ ಖಾಲಿ ರೇಖಾಚಿತ್ರ ಇರುತ್ತದೆ: ಎಡಬದಿ, ಬಲಬದಿ, ಮುಖ, ಮೂತಿ, ಕತ್ತಿನ ಅಡಿಭಾಗ, ಕಾಲುಗಳ ಹಿಂಬದಿ. ಬಿಳಿ ಗುರುತುಗಳನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ತುಂಬುತ್ತಾರೆ, ಸುಳಿಗಳನ್ನು ಕಪ್ಪು ಶಾಯಿಯಲ್ಲಿ ಗುಣಾಕಾರ ಚಿಹ್ನೆ ಹಾಕಿ ತೋರಿಸುತ್ತಾರೆ. ಎಡ, ಬಲ ಯಾವಾಗಲೂ ಕುದುರೆಯದು, ನೋಡುವವನದಲ್ಲ. ಹೊಸಬರು ಮೊದಲು ಎಡವುವುದು ಇಲ್ಲೇ. ಮುಂದೆ ನಿಂತು ಮುಖ ನೋಡುತ್ತ ಬರೆದರೆ ಎಡಗಣ್ಣಿನ ಸುಳಿ ಬಲಗಣ್ಣಿಗೆ ಹೋಗುತ್ತದೆ, ಕಾಗದದಲ್ಲಿ ಬೇರೆಯೇ ಕುದುರೆ ತಯಾರಾಗುತ್ತದೆ.

ಸುಳಿಯ ವಿಷಯದಲ್ಲಿ ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳಬೇಕಿಲ್ಲ. ಗಂಟಲ ಕೆಳಗಿನ ದೇವಮಣಿ, ಹಣೆಯ ಜೋಡಿ ಸುಳಿ ಎಂದು ಒಂದೊಂದಕ್ಕೂ ಹೆಸರಿಟ್ಟು, ಬೆರಳಿಟ್ಟು ತೋರಿಸುತ್ತಾರೆ. ಹುಟ್ಟಿದಾಗಿನ ಸುಳಿ ಸಾಯುವವರೆಗೆ ಜಾಗ ಬದಲಿಸುವುದಿಲ್ಲ, ಹಾಗಾಗಿಯೇ ವಿಲಾಯತಿಯ ಪಾಸ್‌ಪೋರ್ಟಿಗೂ ಅದೇ ಆಧಾರ. ತೊಡಕು ಇರುವುದು ಬೇರೆ ಕಡೆ. ಕೆಟ್ಟದೆಂದು ಹೆಸರಾದ ಸುಳಿ ಇದ್ದರೆ ಬೆಲೆ ಬೀಳುತ್ತದೆಂದು ಮಾಲೀಕರು ಅದನ್ನು ಹೇಳುವುದಿಲ್ಲ, ತಡಿಯ ಬಟ್ಟೆ ಸರಿಸಲು ಬಿಡುವುದಿಲ್ಲ. ಬರೆಯುವವರು ಒಳ್ಳೆಯದು ಕೆಟ್ಟದ್ದು ಎಂಬ ಮಾತೇ ಎತ್ತದೆ ಎಲ್ಲಿದೆ ಎಂಬುದನ್ನಷ್ಟೇ ಗುರುತಿಸಬೇಕು. ‘ಎರಡು ಕಣ್ಣುಗಳ ನಡುವಿನ ಗೆರೆಗಿಂತ ಎರಡು ಬೆರಳು ಮೇಲೆ, ನಟ್ಟನಡುವಿನಿಂದ ಸ್ವಲ್ಪ ಎಡಕ್ಕೆ’ ಎಂದು ಬರೆದರೆ ಸಾಕು. ಮೈಮೇಲೆ ಒಂದೂ ಬಿಳಿ ಗುರುತಿಲ್ಲದ ಕುದುರೆಗೆ ಕನಿಷ್ಠ ಐದು ಸುಳಿ ಹುಡುಕಿ ಹಾಕಬೇಕು. ಹಣೆ, ಕತ್ತಿನ ಎರಡೂ ಬದಿ, ಎದೆ, ಪಕ್ಕೆ ಹೀಗೆ. ನಾಲ್ಕು ಕಾಲು, ಮುಖ ಬಿಳಿ ಇರುವುದನ್ನು ಪಂಚಕಲ್ಯಾಣಿ ಎಂದು ಒಂದು ಪದ ಬರೆದು ಮುಗಿಸುವುದೂ ಬೇಡ. ನಾಲ್ಕು ಕಾಲಿನ ಬಿಳುಪು ಎಲ್ಲೆಲ್ಲಿಯವರೆಗೆ ಏರಿದೆ, ಗೊರಸಿನ ಮೇಲ್ಗಡೆಯಷ್ಟೋ, ಗಿಣ್ಣಿನವರೆಗೋ, ಮಂಡಿಯವರೆಗೋ ಎಂದು ಬೇರೆಬೇರೆ ಬರೆಯಬೇಕು. ಕಾಲುಗಳ ಒಳಮೈಯಲ್ಲಿ ಕೊಂಬಿನಂಥ ಗಟ್ಟಿ ಗಂಟು ಇರುತ್ತದಲ್ಲ, ಅದರ ಆಕಾರ ಒಂದು ಕುದುರೆಯದು ಇನ್ನೊಂದಕ್ಕೆ ಇರುವುದಿಲ್ಲ. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಎತ್ತರವನ್ನು ಸಮನೆಲದಲ್ಲಿ ನಿಲ್ಲಿಸಿ, ಜೂಲು ಮುಗಿದು ಬೆನ್ನು ಶುರುವಾಗುವ ಹೆಗಲ ದಿಬ್ಬದ ತುದಿಗೆ ಕೋಲಿಟ್ಟು, ಸೆಂಟಿಮೀಟರಿನಲ್ಲಿ ಬರೆಯಿರಿ. ವ್ಯಾಪಾರಿಗಳ ‘ಹ್ಯಾಂಡ್’ ಲೆಕ್ಕದಲ್ಲಿ (ಒಂದು ಹ್ಯಾಂಡ್ ಎಂದರೆ 4 ಇಂಚು) ಒಂದು ಬಲೆ ಇದೆ. 12.2 ಎಂದರೆ 12 ಹ್ಯಾಂಡ್ ಮತ್ತು 2 ಇಂಚು, ಅಂದರೆ 50 ಇಂಚು, 127 ಸೆಂಟಿಮೀಟರ್. ಅದನ್ನು ದಶಾಂಶವೆಂದು ತಿಳಿದು ನಾಲ್ಕರಿಂದ ಗುಣಿಸಿದರೆ 48.8 ಇಂಚು, 124 ಸೆಂಟಿಮೀಟರಿಗೆ ಬರುತ್ತದೆ. ಮೂರು ಸೆಂಟಿಮೀಟರ್ ಹೀಗೇ ಕಳೆದುಹೋದ ಕಾಗದಗಳು ಬೇಕಾದಷ್ಟಿವೆ.

ಬಣ್ಣಕ್ಕೆ ಕಲಬುರಗಿ, ಬೀದರಿನ ಟಾಂಗಾದವರ ಮಾತುಗಳೇ ನಿಖರ, ಅವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಮೈ ಕೆಂಪು, ಜೂಲು ಬಾಲ ಮೊಣಕಾಲು ಕಪ್ಪು ಇದ್ದರೆ ಕುಮೈತ್. ಜೂಲು ಬಾಲವೂ ಕೆಂಪಾದರೆ ಸುರಂಗ. ಪೂರಾ ಕಪ್ಪು ಮುಷ್ಕಿ, ಬೂದು ಸಬ್ಜಾ, ದೊಡ್ಡ ದೊಡ್ಡ ಪಟ್ಟೆಯದು ಅಬಲಕ್, ಗುಲಾಬಿ ಚರ್ಮದ ಬಿಳಿ ನುಕ್ರಾ. ಬಣ್ಣದಿಂದ ಪುಕ್ಕಟೆಯಾಗಿ ಒಂದು ಪರೀಕ್ಷೆಯೂ ಆಗುತ್ತದೆ. ಸುರಂಗಕ್ಕೆ ಸುರಂಗ ಕೂಡಿದರೆ ಸುರಂಗ ಮರಿಯೇ ಆಗಬೇಕು, ಏಕೆಂದರೆ ಆ ಬಣ್ಣ ಕಾಣಲು ಜೀನಿನ ಎರಡೂ ಪ್ರತಿಗಳು ಅದೇ ಆಗಿರಬೇಕು, ಬೇರೆ ಕೊಡಲು ತಂದೆತಾಯಿಯ ಹತ್ತಿರ ಏನೂ ಇಲ್ಲ. ಅಲ್ಲಿ ಕುಮೈತ್ ಮರಿ ಬರೆದಿದ್ದರೆ ಮೂವರಲ್ಲಿ ಒಬ್ಬರ ವಿವರ ತಪ್ಪು. ಸಬ್ಜಾ ಮರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ಸಬ್ಜಾ ಆಗಿರಲೇಬೇಕು, ಅದು ಒಂದು ತಲೆ ಬಿಟ್ಟು ಹಾರಿ ಬರುವುದಿಲ್ಲ. ಮುಷ್ಕಿಗೆ ಮುಷ್ಕಿ ಕೂಡಿದರೆ ಸುರಂಗ ಹುಟ್ಟಬಹುದು, ಕುಮೈತ್ ಹುಟ್ಟುವುದಿಲ್ಲ. ಆದರೆ ಬಣ್ಣ ನೋಡುವ ಕಣ್ಣು ಮೋಸ ಹೋಗುವುದುಂಟು. ಸಬ್ಜಾ ಹುಟ್ಟುವಾಗ ಕಪ್ಪೋ ಕೆಂಪೋ ಇದ್ದು ವರ್ಷ ಹೋದ ಹಾಗೆ ಬೆಳ್ಳಗಾಗುತ್ತದೆ. ಮರಿಯಾಗಿದ್ದಾಗ ಮುಷ್ಕಿ ಎಂದು ಬರೆದು ಆರು ವರ್ಷದ ಮೇಲೆ ನೋಡಿದರೆ ಬೇರೆ ಕುದುರೆಯಂತೆ ಕಾಣುತ್ತದೆ. ಕಣ್ಣಿನ ಸುತ್ತ ಬೂದು ಕೂದಲು ಇಣುಕುತ್ತಿದೆಯೇ ಎಂದು ಆಗಲೇ ನೋಡಿಕೊಳ್ಳಬೇಕು. ಇನ್ನು ನಮ್ಮ ಮೇ ತಿಂಗಳ ಬಿಸಿಲಿಗೆ ಮುಷ್ಕಿಯ ಮೈ ಕಂದುಬಣ್ಣಕ್ಕೆ ತಿರುಗಿ ಕುಮೈತ್ ಅನ್ನಿಸುತ್ತದೆ, ಹಾಗಾಗಿ ಮೂತಿ ಮತ್ತು ಪಕ್ಕೆಯ ಹಿಂಭಾಗದ ಕೂದಲು ನೋಡಿ ಬರೆಯಬೇಕು. ಬೆಳ್ಳಗಾದ ಸಬ್ಜಾವನ್ನು ನುಕ್ರಾ ಎಂದು ಮಾರುವವರಿದ್ದಾರೆ. ಮೂತಿಯ ಚರ್ಮ ಕಪ್ಪಿದ್ದರೆ ಅದು ಸಬ್ಜಾ.

ವಯಸ್ಸಿಗೆ ಹಲ್ಲು ನೋಡುವುದು ಎಲ್ಲರಿಗೂ ಗೊತ್ತು. ಎರಡೂವರೆ ವರ್ಷಕ್ಕೆ ನಡುವಿನ ಹಾಲಹಲ್ಲು ಬಿದ್ದು ಹೊಸದು, ಮೂರೂವರೆಗೆ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು, ಐದಕ್ಕೆ ಬಾಯಿಗೂಡುತ್ತದೆ. ಅಲ್ಲಿಂದಾಚೆ ಸವೆತ ನೋಡಿ ಹೇಳುವುದೆಲ್ಲ ಅಂದಾಜು. ಕರಲು ಮಣ್ಣಿನಲ್ಲಿ ಮೋಟು ಹುಲ್ಲು ಮೇಯುವ ತಟ್ಟಿನ ಹಲ್ಲು ಬೇಗ ಸವೆದು ಹತ್ತರದ್ದು ಹದಿಮೂರರಂತೆ ಕಾಣಬಹುದು. ಆದ್ದರಿಂದ ‘ಸುಮಾರು’ ಎಂಬ ಪದಕ್ಕೆ ನಾಚಬೇಕಿಲ್ಲ.

ಹುಟ್ಟಿದ ದಿನ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ, ಏಕೆಂದರೆ ಅಲ್ಲಿಂದ ತಂದೆಯನ್ನು ಹುಡುಕಬಹುದು. ಹಿರಿಯರು ತಾರೀಖು ಹೇಳುವುದಿಲ್ಲ, ‘ಎಳ್ಳ ಅಮಾಸಿ ಆಗಿ ವಾರಕ್ಕ’, ‘ಶರಣಬಸಪ್ಪನ ತೇರಿನ ಮುಂದ’ ಎನ್ನುತ್ತಾರೆ. ಯಾವ ವರ್ಷದ್ದು ಎಂದು ಖಚಿತ ಮಾಡಿಕೊಂಡು ಪಂಚಾಂಗ ತೆಗೆದರೆ ದಿನ ಸಿಗುತ್ತದೆ. ಕುದುರೆಯ ಗಬ್ಬ ಸರಾಸರಿ 340 ದಿನ, 320ರಿಂದ 365ರವರೆಗೆ ಹಿಂದುಮುಂದು ಆಗುತ್ತದೆ. ಮೈಲಾಪುರದ ಮಲ್ಲಯ್ಯನ ಜಾತ್ರೆಯ ದಿನ, 2025ರ ಜನವರಿ 14ರಂದು ಒಂದು ಮರಿ ಹುಟ್ಟಿತೆಂದುಕೊಳ್ಳಿ. ಹಿಂದಕ್ಕೆ ಎಣಿಸಿದರೆ ಗಂಡು ಕೂಡಿರಬೇಕಾದದ್ದು 2024ರ ಫೆಬ್ರುವರಿ 9ರ ಆಸುಪಾಸು, ಹೆಚ್ಚೆಂದರೆ ಜನವರಿ 15ರಿಂದ ಫೆಬ್ರುವರಿ 29ರ ಒಳಗೆ. ಈಗ ಕೇಳಬೇಕಾದ ಪ್ರಶ್ನೆ ‘ಇದರ ತಂದೆ ಯಾರು’ ಎಂಬುದಲ್ಲ. ‘ಹೋದ ವರ್ಷ ಸಂಕ್ರಾಂತಿ ಆದಮೇಲೆ ಶಿವರಾತ್ರಿ ಬರುವತನಕ ನಿಮ್ಮ ಹಿಂಡು ಯಾರ ಹೊಲದಲ್ಲಿತ್ತು, ಪಕ್ಕದಲ್ಲಿ ಯಾರ ಹಿಂಡು ಇಳಿದಿತ್ತು, ಅವರಲ್ಲಿ ಬೀಜದ ಗಂಡು ಇತ್ತೇ’ ಎಂದು ಕೇಳಬೇಕು. ತಂದೆ ಯಾರೆಂದು ಕೇಳಿದರೆ ಹೆಸರಾದ ಗಂಡಿನ ಹೆಸರು ಬರುತ್ತದೆ, ಹೊಲ ಯಾರದೆಂದು ಕೇಳಿದರೆ ನಿಜ ಬರುತ್ತದೆ. ಹೊಲದವರಿಗೂ ಕುರಿ ತರುಬಿಸಿದ್ದು, ಎಷ್ಟು ರಾತ್ರಿ, ಎಷ್ಟು ಜೋಳ ಕೊಟ್ಟೆವು ಎಂಬುದು ನೆನಪಿರುತ್ತದೆ, ಅವರಿಂದಲೂ ತಾಳೆ ನೋಡಬಹುದು. ಇನ್ನೊಂದು ಗಮನಿಸಬೇಕು: ಮರಿ ಹಾಕಿದ ಏಳರಿಂದ ಹನ್ನೆರಡು ದಿನದೊಳಗೆ ಕುದುರೆ ಮತ್ತೆ ಬೆದೆಗೆ ಬರುತ್ತದೆ. ಆ ಬೆದೆಯನ್ನು ಯಾರೂ ಎಣಿಸುವುದಿಲ್ಲ, ಎಷ್ಟೋ ಅಡ್ಡತಿಡ್ಡ ವಂಶಾವಳಿಗಳ ಮೂಲ ಅದೇ.

ಪ್ರತಿ ಸಂಗತಿಯ ಮುಂದೆ ಅದು ಹೇಗೆ ಗೊತ್ತಾಯಿತು ಎಂಬ ಒಂದು ಕಲಂ ಇರಲಿ. ಮೂರೇ ದರ್ಜೆ ಸಾಕು. ಮರಿ ಹಾಕಿದ್ದನ್ನೋ ಗಂಡು ಕೂಡಿದ್ದನ್ನೋ ನೋಡಿದವರು ಹೇಳಿದರೆ ‘ಕಣ್ಣಾರೆ’. ಮನೆಯ ಹಿರಿಯರಿಂದ ಬಂದ ಮಾತಾದರೆ ‘ಮನೆಮಾತು’. ಸಂತೆಯಲ್ಲಿ, ದಲಾಲಿಯ ಬಾಯಲ್ಲಿ ಬಂದದ್ದಾದರೆ ‘ಕೇಳಿದ್ದು’. ಹೇಳಿದವರು ಯಾರು, ಯಾವ ದಿನ ಹೇಳಿದರು ಎಂಬುದೂ ಬೇಕು. ಇಬ್ಬರು ಬೇರೆಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಪಂಚಾಯಿತಿ ಮಾಡಿ ಒಂದಕ್ಕೆ ಇಳಿಸಬೇಡಿ. ಪಹಣಿಯಲ್ಲಿ ಹಳೆಯ ನಮೂದು ಅಳಿಸಿ ಬರೆದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಬೇಕಿಲ್ಲ. ಇಲ್ಲಿಯೂ ತಪ್ಪಾದ ಸಾಲಿನ ಮೇಲೆ ಒಂದೇ ಗೆರೆ ಎಳೆದು, ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ತಾರೀಖು ಹಾಕಿ ಹೊಸದು ಬರೆಯಬೇಕು.

ಸಂಖ್ಯೆ ಕೊಡುವಾಗ ಬುದ್ಧಿವಂತಿಕೆ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ತಾಯಿ 17 ಆದರೆ ಮರಿ 17-1, ಅದರ ಮರಿ 17-1-2, ಸಂಖ್ಯೆ ನೋಡಿದರೆ ವಂಶ ಗೊತ್ತಾಗಲಿ ಎಂದು. ನೋಡಲು ಚೆಂದ, ಆದರೆ ನಾಳೆ 17-1 ಎಂಬುದು 17ರ ಮರಿಯಲ್ಲ ಎಂದು ಗೊತ್ತಾದರೆ ಅದರ ಕೆಳಗಿನ ಎಲ್ಲ ಸಂಖ್ಯೆಗಳೂ ಸುಳ್ಳಾಗುತ್ತವೆ. ಬಂದ ಸರದಿಯಂತೆ 1, 2, 3 ಎಂದು ಕೊಡುವ ಸಪ್ಪೆ ಸಂಖ್ಯೆಯೇ ಗಟ್ಟಿ. ಸತ್ತ ಕುದುರೆಗೂ ಸಂಖ್ಯೆ ಕೊಡಬೇಕು, ಯಾರೂ ಫೋಟೊ ತೆಗೆಯದ ಅಜ್ಜಿ ಕುದುರೆಗೂ.

ಮೈಕ್ರೊಚಿಪ್ ಹಾಕಿಸಲು ಆದರೆ ಗುರುತಿನ ಚಿಂತೆ ಬಹಳ ಕಡಿಮೆಯಾಗುತ್ತದೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ತುಣುಕು, ಒಳಗೆ 15 ಅಂಕಿಯ ಸಂಖ್ಯೆ. ಕತ್ತಿನ ಎಡಬದಿಯಲ್ಲಿ, ನೆತ್ತಿಗೂ ಹೆಗಲ ದಿಬ್ಬಕ್ಕೂ ನಡುವೆ, ಜೂಲಿನ ಕೆಳಗಿರುವ ಗಟ್ಟಿ ನಾರಿನಲ್ಲಿ ಪಶುವೈದ್ಯರು ಚುಚ್ಚುತ್ತಾರೆ. ಮಾಂಸದಲ್ಲೋ ಚರ್ಮದ ಕೆಳಗೋ ಬಿಟ್ಟರೆ ಅದು ಜರುಗುತ್ತದೆ. ಚುಚ್ಚುವ ಮೊದಲು ಕತ್ತಿನ ಎರಡೂ ಬದಿ ರೀಡರ್ ಆಡಿಸಿ ಹಳೆಯ ಚಿಪ್ ಇಲ್ಲವೆಂದು ನೋಡಲೇಬೇಕು, ಒಂದೇ ಕತ್ತಿನಲ್ಲಿ ಎರಡು ಸಂಖ್ಯೆಯಾದರೆ ಒಂದು ಕುದುರೆ ಎರಡು ಪುಟಕ್ಕೆ ಏರುತ್ತದೆ. ಈಗಿನ ಅಂತರರಾಷ್ಟ್ರೀಯ ಮಾನದಂಡದ ಚಿಪ್ಪುಗಳನ್ನು 134.2 ಕಿಲೋಹರ್ಟ್ಜ್ ರೀಡರ್ ಓದುತ್ತದೆ. ಹಳೆಯ 125ರ ಚಿಪ್ಪನ್ನು ಎಲ್ಲ ರೀಡರುಗಳೂ ಓದುವುದಿಲ್ಲ, ಹಾಗಾಗಿ ‘ಚಿಪ್ ಇಲ್ಲ’ ಎಂಬ ಉತ್ತರ ಬಂದರೆ ಇನ್ನೊಂದು ರೀಡರಿನಲ್ಲೂ ನೋಡಿ. ಹದಿನೈದು ಅಂಕಿಯನ್ನು ಕೈಯಲ್ಲಿ ನಕಲು ಮಾಡಬೇಡಿ. ಚಿಪ್ಪಿನ ಜೊತೆ ಬರುವ ಬಾರ್‌ಕೋಡ್ ಚೀಟಿಗಳಲ್ಲಿ ಒಂದು ಪುಸ್ತಕಕ್ಕೆ, ಒಂದು ಮಾಲೀಕರ ಕಾರ್ಡಿಗೆ ಅಂಟಿಸಿ. ಗ್ಲಾಂಡರ್ಸ್ ಪರೀಕ್ಷೆಗೆ ರಕ್ತ ತೆಗೆದಾಗಲೂ ಇದೇ ಸಂಖ್ಯೆ ಹಾಕಿ ಕಳಿಸಬೇಕು. ಅದು ಮನುಷ್ಯರಿಗೂ ಹರಡುವ, ಕಾನೂನಿನಂತೆ ವರದಿ ಮಾಡಲೇಬೇಕಾದ ರೋಗ. ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಿಂದ ಉತ್ತರ ಬಂದಾಗ ಅದು ಯಾವ ಲಕ್ಷ್ಮಿಯದೆಂದು ಜಗಳವಾಗಬಾರದು.

ತಂದೆಯ ಕಲಂ ತುಂಬುವ ಕೊನೆಯ ದಾರಿ ಡಿಎನ್‌ಎ. ಅದಕ್ಕೆ ರಕ್ತವೇ ಬೇಕೆಂದಿಲ್ಲ, ಕೂದಲು ಸಾಕು, ಆದರೆ ಬುಡ ಸಮೇತ. ಜೂಲಿನ 30ರಿಂದ 40 ಎಳೆಗಳನ್ನು ಚರ್ಮದ ಹತ್ತಿರ ಬೆರಳಿಗೆ ಸುತ್ತಿ ಒಮ್ಮೆಲೇ ಎಳೆಯಬೇಕು, ನಿಧಾನಕ್ಕೆ ಎಳೆದರೆ ತುಂಡಾಗುತ್ತದೆ. ತುದಿಯಲ್ಲಿ ಬಿಳಿ ಚುಕ್ಕೆಯಂಥ ಬುಡ ಕಾಣುತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕತ್ತರಿಯಲ್ಲಿ ಕತ್ತರಿಸಿದ್ದು, ನೆಲಕ್ಕೆ ಉದುರಿದ್ದು ತಂದೆಯ ಪರೀಕ್ಷೆಗೆ ಬಾರದು. ಪುಟ್ಟ ಮರಿಯ ಜೂಲು ಮೆತ್ತಗಿದ್ದರೆ ಬಾಲದಿಂದ ತೆಗೆಯಿರಿ. ಕಾಗದದ ಲಕೋಟೆಯಲ್ಲಿ ಹಾಕಬೇಕು, ಪ್ಲಾಸ್ಟಿಕ್ ಚೀಲದಲ್ಲಿ ಬೆವರು ಹಿಡಿದು ಬೂಷ್ಟು ಬರುತ್ತದೆ. ಫ್ರಿಜ್ ಬೇಡ, ಒಣ ಜಾಗ ಸಾಕು. ಲಕೋಟೆಯ ಮೇಲೆ ಸಂಖ್ಯೆ ಬರೆದ ಮೇಲೆಯೇ ಕುದುರೆಗೆ ಕೈ ಹಾಕಿ. ನಾಲ್ಕು ಕುದುರೆಯದು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಬರೆದರೆ ಪ್ರಯೋಗಾಲಯದವರು ಎಷ್ಟೇ ಜಾಣರಿದ್ದರೂ ಪ್ರಯೋಜನವಿಲ್ಲ. ಮರಿಯ ಮೈಗೆ ತಾಯಿಯ ಕೂದಲು ಅಂಟಿರುತ್ತದೆ, ಒರೆಸಿ, ಕೈ ತೊಳೆದು ತೆಗೆಯಬೇಕು.

ಫಲಿತಾಂಶದ ಹಾಳೆ ಓದುವುದು ಕಷ್ಟವಲ್ಲ. ಹತ್ತು ಹನ್ನೆರಡು ಅಥವಾ ಅದಕ್ಕಿಂತ ಹೆಚ್ಚು ಗುರುತಿನ ಸ್ಥಾನಗಳಿರುತ್ತವೆ, ಪ್ರತಿ ಸ್ಥಾನದಲ್ಲೂ ಎರಡು ಅಕ್ಷರ. ಒಂದು ತಾಯಿಯದು, ಒಂದು ತಂದೆಯದು. ವಿಎಚ್‌ಎಲ್20 ಎಂಬ ಸ್ಥಾನದಲ್ಲಿ ತಾಯಿಗೆ ಐ ಮತ್ತು ಎಂ, ಮರಿಗೆ ಎಂ ಮತ್ತು ಎನ್ ಇದ್ದರೆ ಎಂ ತಾಯಿಯಿಂದ ಬಂತು, ಎನ್ ತಂದೆಯಿಂದಲೇ ಬರಬೇಕು. ಎಲ್ ಮತ್ತು ಎಂ ಇರುವ ಗಂಡು ಆ ಸ್ಥಾನದಲ್ಲಿ ಹೊಂದಲಿಲ್ಲ. ಎನ್ ಮತ್ತು ಆರ್ ಇರುವ ಗಂಡು ಉಳಿಯಿತು. ಒಂದೇ ಸ್ಥಾನ ತಪ್ಪಿದರೆ ಅಪರೂಪಕ್ಕೆ ಜೀನಿನ ಬದಲಾವಣೆಯೂ ಇರಬಹುದು, ಎರಡು ಮೂರು ಕಡೆ ತಪ್ಪಿದರೆ ಆ ಗಂಡನ್ನು ಕೈಬಿಡಬೇಕು. ಈ ಪರೀಕ್ಷೆ ‘ಇವನಲ್ಲ’ ಎಂದು ಗಟ್ಟಿಯಾಗಿ ಹೇಳುತ್ತದೆ, ‘ಇವನೇ’ ಎಂದು ಹೇಳುವುದು ಸಂಭವ ಎಷ್ಟು ಎಂಬ ಲೆಕ್ಕದಲ್ಲಿ. ಅದರಲ್ಲೂ ಅಣ್ಣತಮ್ಮ ಗಂಡುಗಳಿಬ್ಬರೂ ಅದೇ ಹಳ್ಳದ ದಂಡೆಯಲ್ಲಿದ್ದರೆ ಇಬ್ಬರ ಕೂದಲೂ ಕಳಿಸದೆ ತೀರ್ಪು ಬರೆಯಬೇಡಿ. ತಾಯಿಯ ಮಾದರಿ ಕಳಿಸದೆ ಮರಿ ಮತ್ತು ಗಂಡಿನದನ್ನಷ್ಟೇ ಕಳಿಸುವುದು ದುಡ್ಡು ಉಳಿಸಿದಂತೆ ಕಾಣುತ್ತದೆ, ಆದರೆ ಮರಿಯ ಎರಡು ಅಕ್ಷರಗಳಲ್ಲಿ ಯಾವುದು ತಂದೆಯದೆಂದೇ ತಿಳಿಯದೆ ತಪ್ಪು ಗಂಡೂ ಪಾಸಾಗಿಬಿಡುತ್ತದೆ. ಅಂದಹಾಗೆ, ಬುಡವಿಲ್ಲದ ಕೂದಲಿನಲ್ಲೂ ಮೈಟೊಕಾಂಡ್ರಿಯದ ಡಿಎನ್‌ಎ ಉಳಿದಿರುತ್ತದೆ. ಸತ್ತ ಹಳೆಯ ಕುದುರೆಯ ಬಾಲದ ಚವರಿ ಯಾರ ಮನೆಯ ದೇವರ ಜಗುಲಿಯಲ್ಲಾದರೂ ಇದ್ದರೆ ಎಸೆಯಬೇಡಿ. ಆ ಕೂದಲು ತಾಯಿ ಸಾಲು ಹೊಂದುತ್ತದೆಯೋ ಇಲ್ಲವೋ ಎಂದು ಹೇಳಬಲ್ಲದು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದು ಲೆಕ್ಕ. ಹಿಂಡಿನಲ್ಲಿ ಒಂದೇ ಬೀಜದ ಗಂಡನ್ನು ಆರು ವರ್ಷ ಇಟ್ಟುಕೊಳ್ಳುವುದು ವಾಡಿಕೆ. ಅದಕ್ಕೆ ಹುಟ್ಟಿದ ಹೆಣ್ಣುಮರಿ ಒಂದೂವರೆ ವರ್ಷಕ್ಕೆಲ್ಲ ಬೆದೆಗೆ ಬರಬಹುದು. ನಾಲ್ಕನೇ ವರ್ಷದ ಹೊತ್ತಿಗೆ ತಂದೆಯೇ ಮಗಳಿಗೆ ಕೂಡಿರುತ್ತಾನೆ. ಒಳಸಂಬಂಧದ ಪ್ರಮಾಣ ಅಲ್ಲಿ ಶೇ 25. ತಂದೆ ಒಂದೇ, ತಾಯಿ ಬೇರೆಯಾದ ಎರಡು ಮರಿಗಳನ್ನು ಕೂಡಿಸಿದರೆ ಶೇ 12.5. ಅಣ್ಣತಮ್ಮಂದಿರ ಮಕ್ಕಳ ಮಟ್ಟದ್ದಾದರೆ ಶೇ 6.25. ಪ್ರಮಾಣ ಏರಿದ ಹಾಗೆ ಗಬ್ಬ ನಿಲ್ಲುವುದು ಕಡಿಮೆ, ಮರಿ ನಿಶ್ಶಕ್ತ. ಹುಲ್ಲು ಸಾಲದ್ದರಿಂದ ಹೀಗಾಯಿತೆಂದು ಜನ ತಿಳಿಯುತ್ತಾರೆ. ಐದು ತಲೆಯ ಚಾರ್ಟಿನಲ್ಲಿ 62 ಹೆಸರು ಬರುತ್ತವೆ, ತಂದೆಯ ಕಡೆ ಮೇಲೆ, ತಾಯಿಯ ಕಡೆ ಕೆಳಗೆ. ಮೇಲೂ ಕೆಳಗೂ ಒಂದೇ ಸಂಖ್ಯೆ ಕಂಡರೆ ಎಚ್ಚರ. ತಟ್ಟುಗಳಿಗೆ ಐದು ತಲೆ ಬೇಡ, ಮೂರು ತಲೆಯ 14 ಹೆಸರು ಸಿಕ್ಕರೂ ಸಾಕು. ಪ್ರತಿ ಮೂರು ವರ್ಷಕ್ಕೆ ದೂರದ ಹಿಂಡಿನ ಜೊತೆ ಗಂಡು ಅದಲುಬದಲು ಮಾಡಿಕೊಳ್ಳಲು ಅಷ್ಟು ಧಾರಾಳ.

ಕಾಗದ ಇರುವ ಕುದುರೆಗಳ ಬಗ್ಗೆಯೂ ಒಂದು ಮಾತು. ಹೈದರಾಬಾದಿನ ಪಂದ್ಯದಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು ಮದುವೆ ಮೆರವಣಿಗೆಗೆಂದು ನಮ್ಮ ಊರುಗಳಿಗೆ ಬರುತ್ತವೆ, ಜೊತೆಗೆ ಪಾಸ್‌ಪೋರ್ಟೂ ಬರುತ್ತದೆ. ಪಾಸ್‌ಪೋರ್ಟ್ ಅಸಲಿ, ಕುದುರೆ ಬೇರೆ ಆಗಿರುವುದುಂಟು. ಸತ್ತ ಕುದುರೆಯ ಕಾಗದವನ್ನು ಅದೇ ಬಣ್ಣದ ಇನ್ನೊಂದಕ್ಕೆ ಕಟ್ಟುವುದು ಹಳೆಯ ಚಾಳಿ. ದುಡ್ಡು ಎಣಿಸುವ ಮೊದಲು ಚಿಪ್ ಓದಿಸಿ, ಚಿತ್ರದ ಸುಳಿಗಳನ್ನು ಒಂದೊಂದಾಗಿ ಕುದುರೆಯ ಮೈಮೇಲೆ ಹುಡುಕಿ. ಅಂಥ ಹೆಣ್ಣಿಗೆ ಊರ ಗಂಡು ಕೂಡಿ ಹುಟ್ಟಿದ ಮರಿಗೆ ಪುಣೆಯಲ್ಲಿರುವ ಭಾರತೀಯ ಸ್ಟಡ್‌ಬುಕ್ಕಿನಲ್ಲಿ, ಅಂದರೆ ಥರೋಬ್ರೆಡ್‌ಗಳ ವಂಶಾವಳಿ ಪುಸ್ತಕದಲ್ಲಿ, ಜಾಗವಿಲ್ಲ, ತಾಯಿಯ ಕಾಗದ ತೋರಿಸಿ ಮರಿ ಮಾರುವವರ ಮಾತಿಗೆ ಬೀಳಬೇಡಿ. ನಾವು ಹೇಳುತ್ತಿರುವ ಪುಸ್ತಕದಲ್ಲಿ ಮಾತ್ರ ಆ ಮರಿಗೂ ಪುಟ ಇರಬೇಕು, ಇದ್ದದ್ದು ಇದ್ದ ಹಾಗೆ.

ಈ ಪುಸ್ತಕ ಇಡಲು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕಿಂತ ಹತ್ತಿರದ, ಯೋಗ್ಯ ಜಾಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೂಲ ಅಲ್ಲಿರಲಿ, ನಕಲು ಕಲಬುರಗಿ ಮತ್ತು ಯಾದಗಿರಿಯ ಪಶುಪಾಲನಾ ಇಲಾಖೆಯಲ್ಲಿರಲಿ, ಮಾಲೀಕರ ಕೈಯಲ್ಲಿ ಒಂದು ಕಾರ್ಡ್ ಇರಲಿ. ಮಾರಾಟವಾದಾಗ ಕಾರ್ಡಿನ ಹಿಂದೆ ಇಬ್ಬರ ಸಹಿ ಬಿದ್ದು ಪುಸ್ತಕಕ್ಕೆ ಸುದ್ದಿ ಮುಟ್ಟಬೇಕು. ಸತ್ತಾಗಲೂ ಮುಟ್ಟಬೇಕು, ಸತ್ತದ್ದು ಹೇಳದಿದ್ದರೆ ಅದರ ಸಂಖ್ಯೆಗೆ ಹೊಸ ಮರಿಗಳು ಹುಟ್ಟುತ್ತಲೇ ಇರುತ್ತವೆ. ಶುರು ಮಾಡಲು ಸಂಕ್ರಾಂತಿಯ ಮೈಲಾಪುರ ಜಾತ್ರೆ ಒಳ್ಳೆಯ ಹೊತ್ತು. ಮೂರೂ ಜಿಲ್ಲೆಯ ಕುರಿಗಾರರು ಅಲ್ಲಿಗೆ ಬರುತ್ತಾರೆ. ಬೀದರಿನ ನಾಲ್ವರು ವಿದ್ಯಾರ್ಥಿಗಳು ಅಳತೆ ಕೋಲು, ಕೆಂಪು ಕಪ್ಪು ಪೆನ್ನು, ಕಾಗದದ ಲಕೋಟೆ, ಹಳೆಯ ಪಂಚಾಂಗ ಹಿಡಿದು ಎರಡು ದಿನ ಕುಳಿತರೆ ಆಯಿತು. ಕುದುರೆ ಹಿಂಡಿನ ಜೊತೆ ಹೊಲದಲ್ಲೇ ಇದ್ದರೂ ಪರವಾಗಿಲ್ಲ, ಅದನ್ನು ಆಮೇಲೆ ಹೋಗಿ ಅಳೆಯಬಹುದು. ಮೊದಲು ಎಪ್ಪತ್ತು ದಾಟಿದವರನ್ನು ಕೂರಿಸಿಕೊಂಡು ಅವರ ಹೆಣ್ಣುಗುದುರೆಯ ತಾಯಿಯ ಹೆಸರು ಕೇಳಬೇಕು.

ಇಂತಿ,
ಕುದುರೆ ಸಾಕಣೆ ಮತ್ತು ಪಶುವೈದ್ಯ ಕೆಲಸದಲ್ಲಿರುವ ಕೆಲವರು
ಯಾದಗಿರಿ